ಸಹಾಯ ಬೇಕು: ಜಿಟಿಕೆ 4ರಲ್ಲಿ ನನ್ನ ವಿಜೆಟ್ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಮನೆಯ ಅಡಿಕೆ ಲೆಕ್ಕಕ್ಕೆ ಸಿ ಭಾಷೆಯಲ್ಲಿ, ಜಿಟಿಕೆ 4 (ಕಿಟಕಿ, ಗುಂಡಿಗಳನ್ನು ಮಾಡಿಕೊಡುವ ಲೈಬ್ರರಿ) ಬಳಸಿ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಅಪ್ಪನ ಹಳೇ ನೋಟ್‌ಬುಕ್ಕಿನಲ್ಲಿ ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆ ಬಗೆಗಳ ಸಾಲು ಹಾಕಿ ಪಕ್ಕದಲ್ಲಿ ತೂಕ ಬರೆದಿರುತ್ತದೆ. ಅದೇ ಸಾಲು ಪರದೆ ಮೇಲೂ ಬರಲಿ ಅಂತ 'ತೂಕದ ಸಾಲು' ಎಂಬ ಸ್ವಂತ ವಿಜೆಟ್ (ಕಿಟಕಿಯೊಳಗಿನ ಒಂದು ಭಾಗ) ಮಾಡಿಕೊಂಡೆ.

ತೊಂದರೆ ಇಷ್ಟು. ಕೋಡಿನಲ್ಲೇ ಹೊಸ ಸಾಲು ಸೃಷ್ಟಿಸಿದರೆ ಸರಿಯಾಗಿ ಬರುತ್ತದೆ. ಕಿಟಕಿಯ ವಿನ್ಯಾಸ ಬರೆದಿಡುವ ಯುಐ ಫೈಲಿನಲ್ಲಿ ಅದರ ಹೆಸರು ಬರೆದು ಮಾರಾಟದ ಕಿಟಕಿ ತೆರೆದರೆ 'ಇನ್‌ವ್ಯಾಲಿಡ್ ಆಬ್ಜೆಕ್ಟ್ ಟೈಪ್' (ಈ ಬಗೆಯ ವಿಜೆಟ್ ಗೊತ್ತಿಲ್ಲ) ಅನ್ನುತ್ತದೆ. ಮೊದಲು ಕೋಡಿನಿಂದ ಒಂದು ಸಾಲು ಮಾಡಿ, ಆಮೇಲೆ ಅದೇ ಕಿಟಕಿ ತೆರೆದರೆ ತಕರಾರೇ ಇಲ್ಲ! ಇದನ್ನು ಹಿಡಿಯಲು ನನಗೆ ಎರಡು ರಾತ್ರಿ ಬೇಕಾಯಿತು.

ನನಗೆ ಅರ್ಥವಾಗಿದ್ದು: ಹೊಸ ಟೈಪಿಗೆ (ವಿಜೆಟ್ ಬಗೆಗೆ) ಬೇಕಾದ ಕೋಡ್ ತಯಾರಿಸುವ ಜಿ-ಡಿಫೈನ್-ಟೈಪ್ ಮ್ಯಾಕ್ರೊ ಬರೆದ ಮಾತ್ರಕ್ಕೆ ಟೈಪ್ ನೋಂದಣಿ ಆಗುವುದಿಲ್ಲ, ಅಂದರೆ ಅದರ ಹೆಸರು ಜಿಟಿಕೆಗೆ ಗೊತ್ತಾಗುವುದಿಲ್ಲ. ಗೆಟ್-ಟೈಪ್ ಫಂಕ್ಷನ್ ಮೊದಲ ಸಲ ಕರೆದಾಗಲೇ ಆಗುತ್ತದೆ. ಕ್ಲಾಸ್-ಇನಿಟ್ (ಇಡೀ ಟೈಪಿನ ಸಿದ್ಧತೆ) ಆಮೇಲೆ ಒಂದೇ ಸಲ ನಡೆಯುತ್ತದೆ, ಇನಿಟ್ (ಒಂದೊಂದು ಸಾಲಿನ ಸಿದ್ಧತೆ) ಪ್ರತಿ ಸಾಲಿಗೂ. ಇದು ಸರಿ ಅಲ್ವಾ?

ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್ನಿನಲ್ಲಿ, ಟೈಪ್ ನೋಂದಣಿ ಖಚಿತಪಡಿಸುವ ಜಿ-ಟೈಪ್-ಎನ್‌ಶೂರ್ ಹಾಕಿದೆ, ಕೆಲಸ ಆಯಿತು. ಆದರೆ ಇನ್ನೂ ನಾಲ್ಕು ವಿಜೆಟ್ ಬರುವುದಿದೆ. ಎಲ್ಲವನ್ನೂ ಮೇನ್‌ನಲ್ಲೇ ತುಂಬಬೇಕೇ? ಕಿಟಕಿಯ ಕ್ಲಾಸ್-ಇನಿಟ್ ಒಳಗೆ, ಟೆಂಪ್ಲೇಟ್ (ಅದರ ಯುಐ ಫೈಲು) ಹೊಂದಿಸುವ ಮೊದಲೇ ಹಾಕುವುದು ಹೆಚ್ಚು ಸರಿಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಕೊಯ್ಲು ಶುರುವಾಗುವುದರೊಳಗೆ ಅಪ್ಪನ ಕೈಗೆ ಇದನ್ನು ಕೊಡಬೇಕು ಅಂತ ತುಂಬಾ ಆಸೆ.