ಪದಚರ್ಚೆ: ‘ಅನ್‌ಲಿಸ್ಟ್’ಗೆ ‘ಉದುರಿಸು’ ಒಪ್ಪುತ್ತದಾ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಪದವಿ ಮಕ್ಕಳಿಗೆ ಆರ್ (R) ಅನ್ನೋ, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಕಂಪ್ಯೂಟರ್ ಭಾಷೆ ಕಲಿಸುತ್ತೇನೆ. ಮಾತೆಲ್ಲ ಕನ್ನಡದಲ್ಲೇ. ಎರಡು ಪದ ಬಂದಾಗ ಮಾತ್ರ ಪ್ರತಿ ವರ್ಷ ತಡವರಿಸುತ್ತೇನೆ: ವೆಕ್ಟರ್, ಅನ್‌ಲಿಸ್ಟ್.

ಲಿಸ್ಟ್‌ಗೆ ಪಟ್ಟಿ ಸಾಕು. ಅದರೊಳಗೆ ಅಂಕಿ, ಹೆಸರು, ಇನ್ನೊಂದು ಪಟ್ಟಿ, ಏನು ಬೇಕಾದರೂ ಇರಬಹುದು. ನಾವು ದಿನಾ ಬಳಸುವ ವೆಕ್ಟರ್‌ನಲ್ಲಿ ಹಾಗಲ್ಲ, ಎಲ್ಲವೂ ಒಂದೇ ಬಗೆ. ಶಾಲೆಯ ಭೌತಶಾಸ್ತ್ರದಲ್ಲಿ ‘ಸದಿಶ’ ಎಂದು ಕಲಿತಿದ್ದೇವೆ, ಆದರೆ ಇಲ್ಲಿ ದಿಕ್ಕಿನ ಮಾತೇ ಇಲ್ಲ. ಮಂಗನ ಕಾಯಿಲೆ ಬಗ್ಗೆ ಓದಿದ ಮಕ್ಕಳಿಗೆ ವೆಕ್ಟರ್ ಅಂದರೆ ಉಣುಗು, ರೋಗ ಹೊತ್ತು ತರುವ ಜೀವಿ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಹೊರುವವನು ಅಂತಲೇ ಅರ್ಥ. ‘ಸಾಲು’ ಅನ್ನೋಣ ಅಂದರೆ ಕೋಷ್ಟಕಕ್ಕೆ ಅದು ಆಗಲೇ ಬೇಕು. ಸದ್ಯ ‘ಸರ’ ಅನ್ನುತ್ತಿದ್ದೇನೆ. ಒಂದೇ ಬಗೆಯ ಮಣಿ, ಒಂದರ ಹಿಂದೆ ಒಂದು, ಮೂರನೆಯದು ಯಾವುದು ಅಂತ ಎಣಿಸಿ ಹೇಳಬಹುದು.

ಕಷ್ಟ ಇರೋದು ಅನ್‌ಲಿಸ್ಟ್‌ನಲ್ಲಿ. ಪಟ್ಟಿಯನ್ನು ಒಡೆದು ಒಂದೇ ಸರ ಮಾಡುವ ಕೆಲಸ ಅದು. ಮೊದಲು ‘ಬಿಡಿಸು’ ಅಂದೆ. ಲೆಕ್ಕವನ್ನೂ ಬಿಡಿಸುತ್ತೇವೆ, ಚಿತ್ರವನ್ನೂ ಬಿಡಿಸುತ್ತೇವೆ, ಹಲಸಿನ ತೊಳೆಯನ್ನೂ ಬಿಡಿಸುತ್ತೇವೆ. ‘ಪಟ್ಟಿ ಬಿಡಿಸಿ’ ಅಂದಾಗ ಒಬ್ಬಳು ಸ್ಕೇಲ್ ತೆಗೆದು ಗೆರೆ ಎಳೆಯಲು ಶುರು ಮಾಡಿದಳು.

ಆಮೇಲೆ ಹೊಳೆದದ್ದು ‘ಉದುರಿಸು’. ತೀರ್ಥಹಳ್ಳಿ ಕಡೆ ನಮ್ಮ ಮನೆಯಲ್ಲಿ ಅಡಿಕೆ ಕೊನೆ (ಗೊಂಚಲು) ತಂದು ಅಂಗಳದಲ್ಲಿ ಉದುರಿಸುತ್ತಾರೆ. ಕೊನೆಯಲ್ಲಿ ಕವಲು, ಕವಲಲ್ಲಿ ಕಿರುಕವಲು, ಎಷ್ಟಿದ್ದರೂ ಕಡೆಗೆ ಕೈಗೆ ಬರೋದು ಬರೀ ಕಾಯಿ. ಅನ್‌ಲಿಸ್ಟ್ ಕೂಡ ಪಟ್ಟಿಯೊಳಗಿನ ಪಟ್ಟಿಯ ತಳದ ತನಕ ಹೋಗುತ್ತದೆ. ಕಾಯಿ ಕಟ್ಟದ ಕವಲಿಂದ ಏನೂ ಬೀಳುವುದಿಲ್ಲ ಅಲ್ವಾ? ಪಟ್ಟಿಯಲ್ಲಿ ‘ನಲ್’, ಅಂದರೆ ‘ಏನೂ ಇಲ್ಲ’ ಅನ್ನುವ ಗುರುತು, ಇದ್ದರೂ ಅಷ್ಟೇ, ಸರದಲ್ಲಿ ಅದರ ಜಾಗವೇ ಇರುವುದಿಲ್ಲ. ಜಿಲ್ಲೆಯ 7 ತಾಲ್ಲೂಕುಗಳ ಮಳೆ ಹೀಗೆ ಉದುರಿಸಿ ಬೋರ್ಡಿನ ಮೇಲೆ ಹೆಸರಿನ ಎದುರು ಬರೆಯುತ್ತಾ ಹೋದೆ. ಸಾಗರದ್ದು ‘ನಲ್’ ಆಗಿತ್ತು. ಅದರ ಮುಂದಿನವೆಲ್ಲ ಒಂದೊಂದು ಜಾಗ ಹಿಂದೆ ಸರಿದು, ಹೊಸನಗರದ ಮಳೆ ಸೊರಬದ ಎದುರು ಬಂದು ಕೂತಿತು! ಸೊರಬದ ಹುಡುಗನೇ ಎದ್ದು ‘ನಮ್ಮಲ್ಲಿ ಇಷ್ಟೊಂದು ಹೊಯ್ಯಲ್ಲ ಸಾರ್’ ಅಂದ. ‘ಎನ್‌ಎ’ (ಬೆಲೆ ಗೊತ್ತಿಲ್ಲ ಅನ್ನುವ ಗುರುತು) ಅಂತ ಇಟ್ಟಿದ್ದರೆ ಜಾಗ ಉಳಿಯುತ್ತಿತ್ತು.

ಆದರೂ ಎರಡು ಕಡೆ ಈ ಪದ ಸಾಲುವುದಿಲ್ಲ. ಉದುರಿದ ಅಡಿಕೆ ಚೆಲ್ಲಾಪಿಲ್ಲಿ, ಅನ್‌ಲಿಸ್ಟ್‌ನಲ್ಲಿ ಕ್ರಮ ಒಂಚೂರೂ ತಪ್ಪುವುದಿಲ್ಲ. ಇನ್ನು, ಪಟ್ಟಿಯಲ್ಲಿ 312, 288, ‘ಇಲ್ಲ’ ಅಂತ ಇಟ್ಟುಕೊಳ್ಳಿ. ಆ ಒಂದು ‘ಇಲ್ಲ’ದಿಂದ ಅಂಕಿಗಳೂ ಅಕ್ಷರಗಳಾಗಿ ಕೋಟ್ಸ್ ಒಳಗೆ ಸೇರುತ್ತವೆ. ಕೂಡಿಸು ಅಂದರೆ ಆರ್ ಕೂಡಿಸುವುದಿಲ್ಲ. ಉದುರಿಸಿದ ಮಾತ್ರಕ್ಕೆ ಅಡಿಕೆ ಬೇರೇನೋ ಆಗುತ್ತದಾ?

‘ಸರವಾಗಿಸು’ ಅನ್ನೋಣ ಅಂದರೆ ಅದು ಆರ್‌ನ ಇನ್ನೊಂದು ಆಜ್ಞೆ ‘ಆಸ್.ವೆಕ್ಟರ್’ಗೆ ಹೋಗಬೇಕು. ಅದಕ್ಕೆ ಪಟ್ಟಿ ಕೊಟ್ಟರೆ ಪಟ್ಟಿಯೇ ವಾಪಸ್ ಬರುತ್ತದೆ, ಯಾಕೆಂದರೆ ಆರ್ ಲೆಕ್ಕದಲ್ಲಿ ಪಟ್ಟಿಯೂ ಒಂದು ಬಗೆಯ ವೆಕ್ಟರ್. ‘ಪೋಣಿಸು’ ಪದವನ್ನು ಹೊಸ ಸರ ಮಾಡುವ ‘ಸಿ’ ಅನ್ನುವ ಆಜ್ಞೆಗೆ ಆಗಲೇ ಕೊಟ್ಟಿದ್ದೇನೆ.

ಗೊಂಚಲಿನಿಂದ ಒಂದೊಂದನ್ನೇ, ಸಾಲು ತಪ್ಪದ ಹಾಗೆ ತೆಗೆದು ಇಡುವುದಕ್ಕೆ ನಿಮ್ಮ ಊರಲ್ಲಿ ಏನಂತಾರೆ? ಮೆಣಸು ಬಿಡಿಸುವವರು, ಹೂ ಕಟ್ಟುವವರು, ಜೋಳ ಬೆಳೆಯುವವರು ಬಳಸುವ ಮಾತಾದರೂ ಸರಿ, ದಯವಿಟ್ಟು ತಿಳಿಸಿ.