ಅಕ್ಸೆಂಟ್ ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಕುಯ್ ಅನ್ನುವ ಸದ್ದು, ಟೆನ್ಷನರ್ ಸೆಟ್ ಮಾಡುವುದು ಹೇಗೆ?

ಹಾಸನದ_ಹಳೆಗಾಡಿ:
ನನ್ನದು ಹಳೆಯ ಹ್ಯುಂಡೈ ಅಕ್ಸೆಂಟ್, 1.5 ಪೆಟ್ರೋಲ್, 12 ವಾಲ್ವಿನದು. ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಟೈಮಿಂಗ್ ಬೆಲ್ಟು (ವಾಲ್ವುಗಳನ್ನು ಪಿಸ್ಟನ್ನಿನ ಲೆಕ್ಕಕ್ಕೆ ಓಡಿಸುವ ಹಲ್ಲಿನ ಬೆಲ್ಟ್), ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಎರಡನ್ನೂ ಹೊಸದು ಹಾಕಿಸಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ಇರುವುದಿಲ್ಲ. ಹತ್ತು ನಿಮಿಷ ಓಡಿ ಬಿಸಿಯಾಯಿತು ಅಂದರೆ ಕುಯ್ ಅಂತ ಸಣ್ಣಗೆ ಕೂಗಲು ಶುರು, ಆಕ್ಸಿಲರೇಟರ್ ಒತ್ತಿದ ಹಾಗೆ ಸ್ವರವೂ ಏರುತ್ತದೆ. ಆಲ್ಟರ್ನೇಟರ್ ಬೆಲ್ಟ್ ಬಿಚ್ಚಿಟ್ಟು ಅರ್ಧ ನಿಮಿಷ ಓಡಿಸಿ ನೋಡಿದೆ, ಸದ್ದು ಅಲ್ಲೇ ಇದೆ. ಗ್ಯಾರೇಜಿನವರು "ಹೊಸ ಬೆಲ್ಟ್ ಸಾರ್, ಪಳಗಿದ ಮೇಲೆ ಸರಿಹೋಗುತ್ತೆ" ಅಂತಾರೆ. ನನಗೆ ನಂಬಿಕೆ ಇಲ್ಲ. ಶನಿವಾರ ನಾನೇ ಕವರ್ ಬಿಚ್ಚೋಣ ಅಂತ ಇದ್ದೇನೆ. ಸ್ಪ್ರಿಂಗ್ ಇರುವ ಟೆನ್ಷನರ್, ಎರಡು ಬೋಲ್ಟ್. ಎಷ್ಟು ಬಿಗಿ ಇರಬೇಕು? ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ 90 ಡಿಗ್ರಿ ತಿರುಗಬೇಕು ಅಂತಾರಲ್ಲ, ಅದು ನಿಜವಾ?

ಘಾಟಿ_ಡ್ರೈವರ್:
ಸದ್ದು ಬಂದರೆ ಬರಲಿ ಬಿಡಿ. ನಮ್ಮ ಮೇಸ್ತ್ರಿ ಯಾವಾಗಲೂ ಸ್ಕ್ರೂಡ್ರೈವರ್ ಕೊಟ್ಟು ಒಂಚೂರು ಮೀಟಿಯೇ ಟೈಟ್ ಮಾಡುವುದು. ಸಡಿಲ ಇದ್ದು ಬೆಲ್ಟ್ ಪುಲ್ಲಿಯ ಹಲ್ಲು ಹಾರಿ ವಾಲ್ವ್ ಬಾಗುವುದಕ್ಕಿಂತ ಇದೇ ಮೇಲು ಅಲ್ವಾ?

ಪಾನಾ_ನಂಬರ್_12:
ಮೀಟಬೇಡಿ, ದಯವಿಟ್ಟು. ಹಲ್ಲು ಹಾರಿದರೆ ಈ ಎಂಜಿನ್ನಿನಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿಯುವುದು ನಿಜ, ಆದರೆ ಅದಕ್ಕೆ ಮದ್ದು ಮೀಟುವುದಲ್ಲ. ಟೆನ್ಷನ್ ಇಡುವುದು ತಣ್ಣಗಿರುವ ಎಂಜಿನ್ನಿಗೆ. ಬಿಸಿಯಾದಾಗ ಎಂಜಿನ್ ಹಿಗ್ಗುತ್ತದೆ, ಮೇಲೆ ವಾಲ್ವ್ ತೆರೆಯುವ ಕ್ಯಾಮಿಗೂ ಕೆಳಗೆ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕಿಗೂ ನಡುವಿನ ದೂರ ಜಾಸ್ತಿಯಾಗುತ್ತದೆ, ಬೆಲ್ಟ್ ಇನ್ನೂ ಬಿಗಿಯುತ್ತದೆ. ತಣ್ಣಗಿದ್ದಾಗಲೇ ಮೀಟಿ ಬಿಗಿದಿದ್ದರೆ ಬಿಸಿಯಲ್ಲಿ ಕೂಗದೆ ಇನ್ನೇನು ಮಾಡುತ್ತದೆ? ಟೆನ್ಷನರ್ ಬೇರಿಂಗು ಬೇಗ ಹೋಗುತ್ತದೆ. ಬೇರಿಂಗ್ ಜಾಮ್ ಆದರೆ ಬೆಲ್ಟೂ ಹೋಯಿತು, ವಾಲ್ವೂ ಹೋಯಿತು.

ಹಾಸನದವರೇ, ನಿಮ್ಮ ಗಾಡಿಯಲ್ಲಿ ಮೀಟದೆಯೂ ಇದೇ ಆಗಿರಬಹುದು. ಎರಡು ಬೋಲ್ಟಿನಲ್ಲಿ ಒಂದು ಉದ್ದ ತೂತಿನದು, ಇನ್ನೊಂದು ಟೆನ್ಷನರ್ ತಿರುಗುವ ಕೀಲಿನದು. ಮೊದಲು ಬಿಗಿಯಬೇಕಾದ್ದು ಉದ್ದ ತೂತಿನ ಬೋಲ್ಟ್, ಆಮೇಲೆ ಕೀಲಿನದು. ಉಲ್ಟಾ ಮಾಡಿದರೆ ಕೀಲಿನ ಬೋಲ್ಟ್ ತಿರುಗುವಾಗ ಬ್ರಾಕೆಟ್ಟನ್ನೂ ಜೊತೆಗೆ ಎಳೆದುಕೊಂಡು ಬೆಲ್ಟಿನ ಮೇಲೆ ಒತ್ತಿಬಿಡುತ್ತದೆ. ಮೇಸ್ತ್ರಿಗೆ ಗೊತ್ತೇ ಆಗುವುದಿಲ್ಲ, ಸ್ಪ್ರಿಂಗ್ ಎಳೆದುಕೊಂಡಿದೆ ಅಂದುಕೊಂಡು ಕವರ್ ಮುಚ್ಚುತ್ತಾನೆ.

ಮಾಡುವ ರೀತಿ ಹೇಳುತ್ತೇನೆ. ಬ್ಯಾಟರಿ ನೆಗೆಟಿವ್ ತೆಗೆಯಿರಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಗ ಕ್ರ್ಯಾಂಕ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ. ಬೆಲ್ಟ್ ಕಳಚುವುದಾದರೆ ತಿರುಗುವ ದಿಕ್ಕಿಗೆ ಬಾಣದ ಗುರುತು ಹಾಕಿಕೊಳ್ಳಿ, ವಾಪಸ್ ಅದೇ ದಿಕ್ಕಿಗೆ ಹಾಕಬೇಕು. ಕ್ಯಾಮ್, ಕ್ರ್ಯಾಂಕ್ ಎರಡರ ಪುಲ್ಲಿಯ ಗುರುತನ್ನೂ ಎಂಜಿನ್ ಮೇಲಿನ ಮಾರ್ಕಿಗೆ ತನ್ನಿ. ಟೆನ್ಷನರ್ ಇಲ್ಲದ ಕಡೆ ಬೆಲ್ಟ್ ಒಂದಿಷ್ಟೂ ಜೋತಾಡಬಾರದು. ಈಗ ಎರಡೂ ಬೋಲ್ಟ್ ಸಡಿಲ ಬಿಡಿ, ಸ್ಪ್ರಿಂಗ್ ತಾನೇ ಎಳೆದುಕೊಳ್ಳಲಿ, ನೀವು ಕೈ ಹಚ್ಚಬೇಡಿ. ಕ್ರ್ಯಾಂಕನ್ನು ಗಡಿಯಾರದ ದಿಕ್ಕಿಗೆ, ಕ್ಯಾಮ್ ಪುಲ್ಲಿ 2 ಹಲ್ಲು ಮುಂದೆ ಹೋಗುವಷ್ಟು ಮಾತ್ರ ತಿರುಗಿಸಿ. ಹಿಂದಕ್ಕೆ ಯಾವತ್ತೂ ತಿರುಗಿಸಬಾರದು. ಆಮೇಲೆ ಬೋಲ್ಟ್, ಹೇಳಿದ ಕ್ರಮದಲ್ಲೇ, 20ರಿಂದ 27 ನ್ಯೂಟನ್ ಮೀಟರ್. ಅದಾದ ಮೇಲೆ ಕ್ರ್ಯಾಂಕನ್ನು ಪೂರ್ತಿ 2 ಸುತ್ತು ತಿರುಗಿಸಿ ಮಾರ್ಕ್ ನೋಡಿ. ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದೇ ಸುತ್ತಿಗೆ ಮಾರ್ಕ್ ಸೇರುವುದಿಲ್ಲ, ಗಾಬರಿ ಬೀಳಬೇಡಿ.

90 ಡಿಗ್ರಿ ಲೆಕ್ಕ ಕೈ ಬಲದ ಮೇಲೆ ಹೋಗುತ್ತದೆ. ನನ್ನ ಬೆರಳಿಗೆ ತಿರುಗಿದ್ದು ನಿಮ್ಮ ಬೆರಳಿಗೆ ತಿರುಗಬೇಕಲ್ಲ! ಈ ಎಂಜಿನ್ನಿಗೆ ಬೇರೆ ಪರೀಕ್ಷೆ ಇದೆ. ಟೆನ್ಷನರನ್ನೂ ಬೆಲ್ಟಿನ ಬಿಗಿ ಕಡೆಯನ್ನೂ (ಟೆನ್ಷನರ್ ಇಲ್ಲದ ಕಡೆ) ಸೇರಿಸಿ ಹಿಡಿದು ಸುಮಾರು 5 ಕೆಜಿ ಬಲದಲ್ಲಿ ಅಡ್ಡಕ್ಕೆ ಅದುಮಿ. ಬೆಲ್ಟಿನ ಹಲ್ಲಿನ ತುದಿ ಟೆನ್ಷನರ್ ಬೋಲ್ಟ್ ತಲೆಯ ನಡುಬಿಂದುವಿಗೂ ಅಂಚಿಗೂ ಮಧ್ಯದಲ್ಲಿ ನಿಲ್ಲಬೇಕು.

ಡಸ್ಟರ್_ಹುಬ್ಬಳ್ಳಿ:
ಮೇಲಿನದೆಲ್ಲ ಸರಿ, ಆದರೆ ಓದಿದವರು ಎಲ್ಲ ಗಾಡಿಗೂ ಇದನ್ನೇ ಮಾಡಬೇಡಿ. ನನ್ನ ಡಸ್ಟರ್ 1.5 ಡೀಸೆಲ್‌ನಲ್ಲಿ ಎಳೆಯುವ ಸ್ಪ್ರಿಂಗ್, ಎರಡು ಬೋಲ್ಟ್ ಯಾವುದೂ ಇಲ್ಲ. ಕ್ಯಾಮಿಗೂ ಕ್ರ್ಯಾಂಕಿಗೂ ಪಿನ್ ಹಾಕಿ ಲಾಕ್ ಮಾಡಿ, ಅಲೆನ್ ಕೀಯಿಂದ ಟೆನ್ಷನರ್ ತಿರುಗಿಸಿ, ಅದರ ಮೇಲಿನ ಮುಳ್ಳನ್ನು ಗುರುತಿಗೆ ತರಬೇಕು. ಪಿನ್ ತೆಗೆದು 2 ಸುತ್ತು ಹಾಕಿ ಮತ್ತೆ ಮುಳ್ಳು ನೋಡಬೇಕು. ವಾಟರ್ ಪಂಪೂ ಇದೇ ಬೆಲ್ಟಿನಲ್ಲಿ ಓಡುತ್ತದೆ. ಜಾಸ್ತಿ ಬಿಗಿದರೆ ಪಂಪಿನ ಬೇರಿಂಗೂ ಸೇರಿ ಹಾಳು.

ಘಾಟಿ_ಡ್ರೈವರ್:
ಬಿಸಿಯಾದರೆ ಬಿಗಿಯುತ್ತದೆ ಅನ್ನುವುದು ಹೊಳೆದಿರಲಿಲ್ಲ. ಬೆಲ್ಟ್ ರಬ್ಬರ್ ಅಲ್ವಾ, ಬಿಸಿಗೆ ಸಡಿಲ ಆಗುತ್ತದೆ ಅಂದುಕೊಂಡಿದ್ದೆ.

ಪಾನಾ_ನಂಬರ್_12:
ರಬ್ಬರ್ ಮೇಲಷ್ಟೇ. ಒಳಗೆ ಎಳೆತ ತಡೆಯುವುದು ನಾರಿನ ಹುರಿ, ಸಾಮಾನ್ಯವಾಗಿ ಗಾಜಿನ ನಾರು. ಅದು ಹಿಗ್ಗುವುದೇ ಇಲ್ಲ ಅನ್ನಬಹುದು. ಅದಕ್ಕೇ ಬೆಲ್ಟನ್ನು ಮಡಚಬಾರದು, ಹುರಿ ಒಳಗೇ ಮುರಿಯುತ್ತದೆ.

ಹಾಸನದ_ಹಳೆಗಾಡಿ:
ಇವತ್ತು ಬಿಚ್ಚಿದೆ. ಮಾರ್ಕ್ ಎಲ್ಲ ಸರಿಯಾಗೇ ಇತ್ತು. ಎರಡೂ ಬೋಲ್ಟ್ ಸಡಿಲ ಮಾಡಿದ ಕೂಡಲೇ ಟೆನ್ಷನರ್ ಟಕ್ ಅಂತ ಮೂರು ನಾಲ್ಕು ಮಿಲಿಮೀಟರ್ ತಾನೇ ಹಿಂದೆ ಹೋಯಿತು. ಅಂದರೆ ಸ್ಪ್ರಿಂಗ್ ಎಳೆದದ್ದಕ್ಕಿಂತ ಜಾಸ್ತಿ ಬಿಗಿದಿದ್ದರು. ಮೀಟಿದರೋ, ಬೋಲ್ಟ್ ಉಲ್ಟಾ ಬಿಗಿದರೋ, ಅವರೇ ಹೇಳಬೇಕು. ಹೊಸ ಟೆನ್ಷನರ್ ಹಾಕಿ ಹಳೇ ಸ್ಪ್ರಿಂಗನ್ನೇ ಉಳಿಸಿದ್ದರು, ಅದನ್ನೂ ಬದಲಿಸಿದೆ. ಅದುಮಿ ನೋಡಿದೆ, ಬೋಲ್ಟ್ ತಲೆಯ ಮೇಲೆ ನೀವು ಹೇಳಿದ ಜಾಗಕ್ಕೇ ಬಂತು. ಸಕಲೇಶಪುರದವರೆಗೆ ಹೋಗಿ ಬಂದೆ, ಸದ್ದೇ ಇಲ್ಲ. ಟೆನ್ಷನರ್ ಕೈಯಲ್ಲಿ ತಿರುಗಿಸಿದಾಗ ಗರಗರ ಏನೂ ಇರಲಿಲ್ಲ, ಹಾಗಾಗಿ ಅದನ್ನೇ ಉಳಿಸಿಕೊಂಡೆ.

ಒಂದು ಮಾತು ಬಿಟ್ಟೆ. ಕ್ಯಾಮ್ ಪುಲ್ಲಿ ಹಿಂದೆ ಸ್ವಲ್ಪ ಆಯಿಲ್ ಪಸೆ ಇತ್ತು. ಒರೆಸಿ ಮುಚ್ಚಿದೆ. ಪರವಾಗಿಲ್ಲ ಅಲ್ವಾ?

ಪಾನಾ_ನಂಬರ್_12:
ಆಯಿಲ್ ಸೀಲ್, ಅಂದರೆ ಕ್ಯಾಮಿನ ಸುತ್ತ ಆಯಿಲ್ ಹೊರಬರದಂತೆ ತಡೆಯುವ ಉಂಗುರ, ಸೋರುತ್ತಿದೆ. ಆಯಿಲ್ ಕುಡಿದ ಬೆಲ್ಟ್ ಬಾಳುವುದಿಲ್ಲ, ಎಷ್ಟೇ ಸರಿಯಾಗಿ ಟೆನ್ಷನ್ ಇಟ್ಟರೂ ಅಷ್ಟೇ. ಸೀಲಿನ ಬೆಲೆ ಏನೂ ಜಾಸ್ತಿ ಇಲ್ಲ, ಮುಂದಿನ ಶನಿವಾರ ಮತ್ತೆ ಬಿಚ್ಚಿ.

ಹಾಸನದ_ಹಳೆಗಾಡಿ:
ಹೆಂಡತಿಗೆ ನೀವೇ ಹೇಳಿ.