ತಂಗಿಗೆ ಎದೆಯಲ್ಲಿ ಗಂಟು: ಅಲ್ಟ್ರಾಸೌಂಡೋ, ಮ್ಯಾಮೋಗ್ರಾಮೋ? ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು. ತಂಗಿಗೆ 34 ವರ್ಷ. ಮೂರು ವಾರದ ಹಿಂದೆ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗೋಲಿಯಷ್ಟು ಗಂಟು ಕೈಗೆ ಸಿಕ್ಕಿದೆ. ನೋವಿಲ್ಲ. ನೋವಿಲ್ಲ ಅಂತಲೇ ಸುಮ್ನೆ ಇದ್ದಳು! ಮುಟ್ಟು ಮುಗಿದರೂ ಗಂಟು ಕರಗಿಲ್ಲ.

ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡಿ ಅಲ್ಟ್ರಾಸೌಂಡ್ ಬರೆದುಕೊಟ್ಟರು. ಸ್ಕ್ಯಾನಿಂಗ್ ಸೆಂಟರಿನವರು ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಒಂದೇ ಸಾಕು ಅಂದರು. ಅತ್ತಿಗೆ ನೇರವಾಗಿ ಎಂಆರ್‌ಐ ಮಾಡಿಸಿ ಅಂತಾರೆ.

ನಾನು ತಿಳಿದುಕೊಂಡಷ್ಟು ಹೇಳ್ತೀನಿ. 30ರ ಒಳಗಿನವರಿಗೆ, ಬಸುರಿ ಬಾಣಂತಿಯರಿಗೆ ಮೊದಲು ಅಲ್ಟ್ರಾಸೌಂಡ್. 40 ದಾಟಿದವರಿಗೆ ಮೊದಲು ಮ್ಯಾಮೋಗ್ರಾಮ್, ಜೊತೆಗೆ ಸಾಮಾನ್ಯವಾಗಿ ಗಂಟಿರುವ ಜಾಗಕ್ಕೆ ಅಲ್ಟ್ರಾಸೌಂಡ್. 30ರಿಂದ 39ರ ನಡುವೆ ಎರಡರಲ್ಲಿ ಯಾವುದರಿಂದಲಾದರೂ ಶುರು ಮಾಡಬಹುದು. ವಯಸ್ಸು ಚಿಕ್ಕದಿದ್ದಾಗ ಎದೆಯ ಅಂಗಾಂಶ ದಟ್ಟವಾಗಿರುತ್ತೆ, ಮ್ಯಾಮೋಗ್ರಾಮಿನಲ್ಲಿ ಗಂಟು ಮರೆಯಾಗಬಹುದು. ಎಂಆರ್‌ಐ ಮೊದಲ ಪರೀಕ್ಷೆ ಅಲ್ಲವಂತೆ.

ನನ್ನ ಪ್ರಶ್ನೆ: ಇದೇ ವಯಸ್ಸಿನಲ್ಲಿ ಗಂಟು ಕಂಡವರಿಗೆ ಯಾವುದು ಮೊದಲು ಮಾಡಿದರು? ಎರಡೂ ಒಂದೇ ದಿನ ಆಯ್ತಾ? ರಿಪೋರ್ಟ್ ನಾರ್ಮಲ್ ಬಂದರೂ ಗಂಟು ಗಟ್ಟಿಯಾಗಿದ್ದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ ಮಾಡೋದು) ಬೇಕಾಗಬಹುದು ಅಂತಾರೆ, ಯಾರಿಗಾದರೂ ಹಾಗಾಗಿತ್ತಾ? ನಮ್ಮ ದೊಡ್ಡಮ್ಮನಿಗೆ 48ರಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಅದನ್ನು ಡಾಕ್ಟರಿಗೆ ಹೇಳೋದೇ ಮರೆತಿದ್ದೆವು, ನಾಳೆ ಹೇಳ್ತೀವಿ.

ಮನೆಮದ್ದು ದಯವಿಟ್ಟು ಬೇಡ. ರೇಡಿಯಾಲಜಿ ಗೊತ್ತಿರುವವರು ಇದ್ದರೆ ಉತ್ತರಿಸಿ.